ಜಡ್ಡಿಲ್ಲದವರ ದವಾಖಾನೆ

ವೈದ್ಯನಿಗೆ ಕೈಗುಣ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಕೈಗುಣ ತೋರಿಸಬೇಕಾದರೆ ಮೊದಲು ಯಾರಾದರೂ ಎದುರಿಗೆ ಬಂದು ಕೈ ಚಾಚಬೇಕಲ್ಲ! ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಹೋಮಿಯೋಪತಿ ದವಾಖಾನೆ ಇಟ್ಟು ಬಹಳ ವರ್ಷಗಳಾದವು. ಅಂಗಡಿ ತೆರೆದ ಹೊಸತರಲ್ಲಿ ರೋಗಿಗಳು ಸಾಲುಗಟ್ಟಿ ಬರುತ್ತಾರೆಂಬ ಭರವಸೆಯಿಂದ, ಮುಂದಿನ ಕೋಣೆಯ ಮೂರು ಗೋಡೆಗಳಿಗೂ ಸಾಗವಾನಿಯ ಬೆಂಚು ಮಾಡಿಸಿದ್ದೆ. ಬಡಗಿ, "ಡಾಕ್ಟರ, ಇಷ್ಟ ಉದ್ದ ಬೇಕ್ರ್ಯಾ?" ಎಂದು ಕೇಳಿದ್ದ. "ಸಾಕಾಗದಿದ್ದರೆ ಮತ್ತೆ ಮಾಡಿಸಿದರಾಯಿತು" ಎಂದಿದ್ದೆ. ಅವನು ಬಹಳ ವಿನಯವಂತ, ಆಮೇಲೆ ಎಂದೂ ಆ ಮಾತು ತೆಗೆಯಲಿಲ್ಲ. ಬೆಂಚಿನ ಒಂದು ಮೂಲೆಯಲ್ಲಿ ಮಧ್ಯಾಹ್ನದ ಹೊತ್ತು ಬೆಕ್ಕು ಮಲಗುತ್ತಿತ್ತು. ಒಳಗಿನ ಕುರ್ಚಿಯಲ್ಲಿ ನಾನು ಮಲಗುತ್ತಿದ್ದೆ. ಇಬ್ಬರ ನಡುವೆ ಒಳ್ಳೆಯ ಹೊಂದಾಣಿಕೆ ಇತ್ತು.

ಹಾಗೆಂದು ರೋಗಿಗಳೇ ಇರಲಿಲ್ಲವೆಂದು ತಿಳಿಯಬೇಡಿ. ಬೆಳಿಗ್ಗೆ ಕೆಲವರು ಬರುತ್ತಿದ್ದರು. ಹಲ್ಲು ಬರುವ ಮಕ್ಕಳು, ಹಲ್ಲು ಹೋದ ಹಿರಿಯರು, ಬೇರೆ ಎಲ್ಲ ಡಾಕ್ಟರರನ್ನೂ ಮುಗಿಸಿ "ನಿಮ್ಮದೂ ಒಂದು ನೋಡೇ ಬಿಡೂಣು" ಎಂದು ಉದಾರ ಮನಸ್ಸಿನಿಂದ ಬರುವವರು. ಮಧ್ಯಾಹ್ನ ಮಾತ್ರ ದವಾಖಾನೆ ನನ್ನದು ಮತ್ತು ಬೆಕ್ಕಿನದು. ಹಿಂದಿನ ಭಾಗವೇ ನಮ್ಮ ಮನೆ. ಅಲ್ಲಿ ನನ್ನ ಹೆಂಡತಿ ಸುಮಿತ್ರಾ ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಅವಳ ಮಶೀನಿನ ಸದ್ದು ಕೇಳುತ್ತ ನಿದ್ದೆ ಹೋಗುವ ಸುಖವನ್ನು ಬಣ್ಣಿಸಲು ನಾನು ಕವಿಯಾಗಬೇಕಿತ್ತು. ಆ ಸುಖ ಒಂದು ಬೇಸಿಗೆಯ ಮಧ್ಯಾಹ್ನ ಮುಗಿದುಹೋಯಿತು.

ಯುಗಾದಿ ಕಳೆದು ಬಿಸಿಲು ಏರಿದ ದಿನಗಳು. ಬಾಗಿಲಲ್ಲಿ ಗದ್ದಲವಾಗಿ ಕಣ್ಣು ಬಿಟ್ಟರೆ, ಒಬ್ಬ ಹುಡುಗಿ ಇನ್ನೊಬ್ಬಳನ್ನು ತೋಳು ಹಿಡಿದು ಒಳಗೆ ತರುತ್ತಿದ್ದಳು. "ಡಾಕ್ಟರ, ಇಕಿ ಬಸ್‌ಸ್ಟ್ಯಾಂಡಿನ್ಯಾಗ ಚಕ್ಕರ ಬಂದ ಬಿದ್ದಳ್ರಿ!" ಎಂದಳು. ಹಿಡಿದುಕೊಂಡು ಬಂದವಳು ಭಾರತಿ, ರಾಯಬಾಗ ತಾಲೂಕಿನ ಅಲಖನೂರಿನವಳು. ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಳು. ಬಿದ್ದವಳು ಅಶ್ವಿನಿ. ಉಗಾರ ಖುರ್ದದವಳು, ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವಳದು ಎಂ.ಕಾಂ. ನಾನು ನಾಡಿ ನೋಡಿದೆ, ನಾಲಗೆ ನೋಡಿದೆ. ನಾಲಗೆ ಒಣಗಿ ಕಟ್ಟಿಗೆಯಾಗಿತ್ತು. "ನೀರು ಯಾವಾಗ ಕುಡಿದಿದ್ದೆಯಮ್ಮ?" ಎಂದೆ. ಅವಳು ಭಾರತಿಯ ಮುಖ ನೋಡಿದಳು, ಭಾರತಿ ನೆಲ ನೋಡಿದಳು. "ಮುಂಜಾನೆ ಮನ್ಯಾಗ ಕುಡದದ್ದರಿ" ಎಂದಳು ಅಶ್ವಿನಿ ಮೆಲ್ಲಗೆ. ಬಾಟಲಿ ಅವಳ ಚೀಲದಲ್ಲೇ ಇತ್ತು, ತುಂಬಿತ್ತು ಕೂಡ. ನಾನು ವೈದ್ಯನ ಗತ್ತಿನಲ್ಲಿ ನೀರಿನ ಮಹತ್ವದ ಬಗ್ಗೆ ಭಾಷಣ ಶುರುಮಾಡಿದೆ. ಬಾಗಿಲ ಪರದೆಯ ಹಿಂದೆ ನಿಂತು ಕೇಳುತ್ತಿದ್ದ ಸುಮಿತ್ರಾ ಒಳಗೆ ಬಂದು, "ಸಾಕ ಬಿಡ್ರಿ ನಿಮ್ಮ ಉಪದೇಶ. ಕುಡದರ ಮತ್ತ ಎಲ್ಲಿಗಿ ಹೋಗಬೇಕ ಅವರು? ಮನೀ ಮುಟ್ಟೂದ ಸಂಜೀಕ" ಎಂದಳು. ಹುಡುಗಿಯರಿಬ್ಬರೂ ತಲೆಯಾಡಿಸಿದರು. ನನ್ನ ಭಾಷಣ ಅಲ್ಲಿಗೇ ನಿಂತಿತು. ಇಷ್ಟು ವರ್ಷ ರೋಗಲಕ್ಷಣ ಬರೆದುಕೊಂಡವನಿಗೆ ಈ ಲಕ್ಷಣ ಹೊಳೆದೇ ಇರಲಿಲ್ಲ.

ಸುಮಿತ್ರಾ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಮುಖ ತೊಳೆಸಿದಳು, ಮಜ್ಜಿಗೆ ಕೊಟ್ಟಳು. ಹೊರಡುವಾಗ, "ದಿನಾ ಬರ್ರಿ. ನೀರ ಕುಡೀರಿ, ಹಿತ್ತಲದಾಗ ಪಾಯಖಾನಿ ಎಲ್ಲಾ ಐತಿ. ನಾಚ್ಕೋಬ್ಯಾಡ್ರಿ" ಎಂದಳು. ಉಪಚಾರಕ್ಕೆ ಹೇಳುವ ಮಾತು ಇದು ಎಂದುಕೊಂಡೆ. ಎಂ.ಎ. ಓದುವವರು ಮಾತನ್ನು ಅಕ್ಷರಶಃ ತಿಳಿದುಕೊಳ್ಳುತ್ತಾರೆಂದು ಮರುದಿನ ಗೊತ್ತಾಯಿತು. ಅವರು ಬಂದರು. ಅದರ ಮರುದಿನ ಗೆಳತಿಯರನ್ನೂ ಕರೆದುಕೊಂಡು ಬಂದರು. ಅವರ ತರಗತಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಅವರವರ ಊರಿನ ಬಸ್ಸು ಸಂಜೆಗೆ. ನಡುವಿನ ಹೊತ್ತು ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಆ ಇಲ್ಲದ ಹೊತ್ತೆಲ್ಲ ನನ್ನ ಬೆಂಚಿನ ಮೇಲೆ ಬಂದು ಕುಳಿತಿತು.

ಬೆಕ್ಕು ಮೊದಲ ವಾರವೇ ಸೋಲೊಪ್ಪಿ ಮಾಳಿಗೆ ಹತ್ತಿತು. ನಾನು ಸ್ವಲ್ಪ ಹೋರಾಡಿದೆ. ಎದುರಿಗೆ ಅಷ್ಟು ಜನ ಹುಡುಗಿಯರು ಓದುತ್ತಿರುವಾಗ ಪರದೆಯ ಈಚೆ ಗೊರಕೆ ಹೊಡೆಯುವುದು ಹೇಗೆ? ಒಂದು ದಿನ ಹೊಡೆದೆನಂತೆ. ಎಚ್ಚರವಾದಾಗ ಹೊರಗೆ ಯಾರೋ, "ಸರ್ ಎದ್ರು, ಈಗ ಜೋರಾಗಿ ಓದೂಣು" ಎನ್ನುವುದು ಕೇಳಿಸಿತು. ಇದ್ದ ಒಂದೇ ಪ್ಲಗ್ಗಿನಿಂದ ನನ್ನ ಟೇಬಲ್ ಫ್ಯಾನು ಕಿತ್ತು, ಸರದಿಯಂತೆ ಮೊಬೈಲು ಚಾರ್ಜಿಗೆ ಹಾಕುತ್ತಿದ್ದರು. ನಾನು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತ ಅವರ ಫೋನುಗಳು ಚೇತರಿಸಿಕೊಳ್ಳುವುದನ್ನು ನೋಡುತ್ತಿದ್ದೆ. ಕೊನೆಗೆ ಒಂದು ರಟ್ಟಿನ ಮೇಲೆ, 'ಇಲ್ಲಿ ರೋಗಿಗಳು ಮಾತ್ರ ಕುಳಿತುಕೊಳ್ಳಬೇಕು' ಎಂದು ಬರೆದು ತೂಗುಹಾಕಿದೆ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದವರಿಗಾಗಿಯೇ ರಟ್ಟನ್ನು ಕಂಡುಹಿಡಿದಿದ್ದಾರೆ.

ಮಧ್ಯಾಹ್ನ ಅಶ್ವಿನಿ ಬೋರ್ಡು ಓದಿದಳು, ಹಣೆ ಒತ್ತಿಕೊಂಡಳು. ಅವಳಿಗೆ ನೋವು ಬಂದರೆ ಮರಾಠಿ ಬರುತ್ತದೆ. "ಡಾಕ್ಟರ್, ಡೋಕಂ ದುಖತಯ್" ಎಂದಳು. ತಲೆನೋವಿಗೆ ಗುಳಿಗೆ ಕೊಟ್ಟೆ. ಹಿಂದೆಯೇ ಒಬ್ಬಳಿಗೆ ಹೊಟ್ಟೆನೋವು, ಒಬ್ಬಳಿಗೆ ಕಣ್ಣುರಿ, ಭಾರತಿ ಮಾತ್ರ ಏನೂ ಹೊಳೆಯದೆ, "ನನಗ ಪರೀಕ್ಷಾದ ಅಂಜಿಕಿರಿ" ಎಂದಳು. ನಮ್ಮ ಗುಳಿಗೆಗಳು ಸಿಹಿಯಾಗಿರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಮರುದಿನ ಎಲ್ಲ ರೋಗಗಳೂ ಉಲ್ಬಣಿಸಿದವು. ಕೆಲವು ದಿನಗಳಲ್ಲಿ ನನ್ನ ಗುಳಿಗೆಯ ಡಬ್ಬಿ ತಳ ಕಂಡಿತು. ಸುಮಿತ್ರಾ ರಟ್ಟು ಬಿಚ್ಚಿ, ಅದರ ಹಿಂಬದಿಯಲ್ಲಿ ಕುಪ್ಪಸದ ಕಟಿಂಗಿಗೆ ಗೆರೆ ಎಳೆದುಕೊಂಡಳು. ಅಲ್ಲಿಗೆ ಹೋರಾಟ ಮುಗಿಯಿತು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಅವರು ಬಂದಮೇಲೆ ನನ್ನ ಊರನ್ನು ನಾನು ಸ್ವಲ್ಪ ಬೇರೆ ರೀತಿ ನೋಡತೊಡಗಿದೆ. ನಮ್ಮಲ್ಲಿ ಕಾಲೇಜುಗಳಾಗಿವೆ, ಝೆರಾಕ್ಸ್ ಅಂಗಡಿಗಳಾಗಿವೆ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗಳಾಗಿವೆ, ಗೋಬಿ ಮಂಚೂರಿ ಗಾಡಿಗಳಂತೂ ಸರಿಯೇ ಸರಿ. ಓದುವವರಿಗೆ ಬೇಕಾದ್ದೆಲ್ಲ ಕೊಳ್ಳಲು ಸಿಗುತ್ತದೆ. ಆದರೆ ಏನನ್ನೂ ಕೊಳ್ಳದೆ ಸುಮ್ಮನೆ ಕೂಡುತ್ತೇನೆ ಎನ್ನುವವರಿಗೆ ಊರಿನಲ್ಲಿ ಜಾಗ ಎಲ್ಲಿದೆ? ಒಂದು ಊರು ದೊಡ್ಡದಾಗುವುದೆಂದರೆ ಕಟ್ಟೆಗಳೆಲ್ಲ ಕೌಂಟರುಗಳಾಗುವುದು ಎಂದು ಕಾಣುತ್ತದೆ. ಈ ಘನವಾದ ಚಿಂತನೆಯನ್ನು ಸುಮಿತ್ರಾಳಿಗೆ ಹೇಳಿದೆ. "ಹೌದ? ಹಂಗಾರ ಆ ಮೂಲಿ ಬೆಂಚಿನ ಮ್ಯಾಲಿಂದ ನಿಮ್ಮ ಹಳೇ ಪೇಪರ ತಗೀರಿ, ಇನ್ನಿಬ್ಬರು ಕುಂಡ್ರತಾರ" ಎಂದಳು.

ಹೀಗೆ ಎಲ್ಲವೂ ಒಂದು ಹದಕ್ಕೆ ಬಂದಿತ್ತು. ಹುಡುಗಿಯರು ಓದುತ್ತಿದ್ದರು, ಬುತ್ತಿ ಬಿಚ್ಚುತ್ತಿದ್ದರು, ಕುಪ್ಪಸಕ್ಕೆ ಗುಂಡಿ ಹಚ್ಚಿಕೊಡುತ್ತಿದ್ದರು. ಭಾರತಿ ಸುಮಿತ್ರಾಳಿಗೆ ಆದಿಲಶಾಹಿಯ ಕತೆ ಹೇಳುತ್ತಿದ್ದಳು, ಸುಮಿತ್ರಾ ಅವಳಿಗೆ ಕಾಲರ್ ತಿರುಗಿಸುವುದನ್ನು ಕಲಿಸುತ್ತಿದ್ದಳು. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ದಿನ ಬೆಳಿಗ್ಗೆ ನಾನು ಕಸ ಗುಡಿಸಿ ಊದುಬತ್ತಿ ಹಚ್ಚುತ್ತಿರುವಾಗ, ಹೆಗಲಿಗೆ ಕಂಬಳಿ ಹಾಕಿಕೊಂಡ ಒಬ್ಬ ಎತ್ತರದ ಮನುಷ್ಯ ಬಾಗಿಲಲ್ಲಿ ನಿಂತ. ಮೆಟ್ಟು ಹೊರಗೆ ಬಿಟ್ಟು ಒಳಗೆ ಬಂದ. ಕೂಡಿರಿ ಎಂದರೂ ಕೂಡಲಿಲ್ಲ.

"ನಾ ಮಾಯಪ್ಪ ಅಂತರಿ. ಅಲಖನೂರಿಂದ ಬಂದೀನಿ. ಕುರಿ ಅದಾವ, ಒಂದೀಟ ಹೊಲ ಐತಿ. ಭಾರತಿ ನನ್ನ ಮಗಳ್ರಿ" ಎಂದ.

ನನಗೆ ಸಂತೋಷವಾಯಿತು. "ಬರ್ರಿ, ಬರ್ರಿ! ಭಾರತಿ ದಿನಾ ಬರುತ್ತಾಳೆ ಇಲ್ಲಿಗೆ" ಎಂದೆ. ಆ ಮಾತು ಕೇಳಿ ಅವನ ಮುಖ ಬಿಳಿಚಿಕೊಂಡಿತು. ಬೆಂಚಿನ ಅಂಚು ಹಿಡಿದು ಕುಳಿತುಬಿಟ್ಟ.

"ದಿನಾ ಬರ್ತಾಳ್ರ್ಯಾ?" ಎಂದ. "ಅಂದ್ರ ಖರೇನ ಐತಿ. ಏನ ಜಡ್ಡರಿ ಅಕೀಗಿ?"

ನಾನು ತಬ್ಬಿಬ್ಬಾದೆ. ಅವನು ಹೇಳಿದ ಮೇಲೆ ವಿಷಯ ತಿಳಿಯಿತು. ಅವರ ಊರಿನ ಯಾರೋ ಹಿರಿಯರು ಗೊಬ್ಬರ ಕೊಳ್ಳಲು ಚಿಕ್ಕೋಡಿಗೆ ಬಂದಾಗಲೆಲ್ಲ, ನಮ್ಮ ಓಣಿಯಲ್ಲಿ ಹಾಯುತ್ತಿದ್ದರಂತೆ. ಪ್ರತಿ ಸಲವೂ ಕಿಟಕಿಯಲ್ಲಿ ಭಾರತಿಯನ್ನು ಕಂಡಿದ್ದಾರೆ. ಮೇಲೆ ನೋಡಿದರೆ ದವಾಖಾನೆಯ ಬೋರ್ಡು. ಅವರು ಕನಿಕರದಿಂದ ಚಹಾದ ಅಂಗಡಿಯಲ್ಲಿ ಒಂದು ಮಾತು ಹೇಳಿದರು. ಆ ಮಾತು ಓಣಿ ಓಣಿ ತಿರುಗಿ ಮಾಯಪ್ಪನ ಮನೆ ಮುಟ್ಟುವಷ್ಟರಲ್ಲಿ, ಭಾರತಿಗೆ ಹೆಸರು ಹೇಳಬಾರದಂಥ ದೊಡ್ಡ ರೋಗವಾಗಿತ್ತು. ಮದುವೆಗೆಂದು ಅವಳನ್ನು ನೋಡಿಹೋಗಿದ್ದ ಕಬ್ಬಿನ ಹೊಲದವರೊಬ್ಬರು, "ಸ್ವಲ್ಪ ತಡೀರಿ" ಎಂದು ಹೇಳಿ ಕಳಿಸಿದ್ದರು.

"ಅವರ ವಿಷಯ ಇರಲಿ ಬಿಡ್ರಿ, ಮಾಡಕೊಂಡರ ಮಾಡಕೊಂಡರು ಬಿಟ್ಟರ ಬಿಟ್ಟರು" ಎಂದ ಮಾಯಪ್ಪ. "ನನಗ ನನ್ನ ಮಗಳ ಚಿಂತಿ. ಅಕೀನ ಕೇಳಿದ್ನಿ. ನಕ್ಕಬಿಟ್ಟಳ್ರಿ. ಏನೂ ಇಲ್ಲ ಯಪ್ಪಾ, ಸುಮ್ನ ಹೋಗಿ ಕುಂಡ್ರತೀನಿ ಅಂದ್ಲು."

"ಸರಿಯಾಗಿಯೇ ಹೇಳಿದ್ದಾಳೆ" ಎಂದೆ.

ಅವನು ನನ್ನನ್ನೇ ನೋಡಿದ. "ಅವರವ್ವನೂ ಹಿಂಗ ನಗತಿದ್ಲರಿ. ಹೊಟ್ಟ್ಯಾಗ ಗಡ್ಡಿ ಆಗಿತ್ತ. ಏನೂ ಇಲ್ಲ, ಏನೂ ಇಲ್ಲ ಅಂತ ನಕ್ಕೋತ ನಕ್ಕೋತನ ಹ್ವಾದ್ಲು. ಆಗ ನಾ ಮಾತ ನಂಬಿದ್ನಿ. ಈಗ ನಂಬೂದಿಲ್ಲ. ಖರೇ ಹೇಳ್ರಿ ಡಾಕ್ಟರ, ನಾ ತಡಕೋತೀನಿ. ಹೊರಗ ಗಾಡಿ ತಂದೀನಿ. ಇವತ್ತ ಮಿರಜಿನ ದೊಡ್ಡ ದವಾಖಾನಿಗಿ ಕರಕೊಂಡ ಹೋಗಾಂವ. ಪೂರಾ ಆರಾಮ ಆಗೂತನಕ ಕಾಲೇಜ ಗೀಲೇಜ ಏನೂ ಬ್ಯಾಡ."

ಪರೀಕ್ಷೆ ಬರುವ ಸೋಮವಾರ ಇತ್ತು. ನಾನು ಹಲವು ರೀತಿಯಲ್ಲಿ ಹೇಳಿ ನೋಡಿದೆ. ರೋಗವಿದೆ ಎಂದು ರೋಗಿಯನ್ನು ನಂಬಿಸುವುದು ಸುಲಭ, ಡಾಕ್ಟರ ಮುಖ ಗಂಭೀರವಾದರೆ ಸಾಕು. ರೋಗವಿಲ್ಲ ಎಂದು ಒಬ್ಬ ತಂದೆಯನ್ನು ನಂಬಿಸುವ ವಿದ್ಯೆಯನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ. "ಜಡ್ಡ ಇಲ್ಲಂದ್ರ ದವಾಖಾನ್ಯಾಗ ಯಾಕ ಕುಂಡ್ರಬೇಕರಿ? ಇಷ್ಟ ದೊಡ್ಡ ಊರಾಗ ಒಂದ ಹುಡಿಗೀಗಿ ಕುಂಡ್ರಾಕ ಜಾಗಾ ಇಲ್ಲೇನ್ರಿ?" ಎಂದ. ಪ್ರಶ್ನೆ ಬಹಳ ಸರಿಯಾಗಿತ್ತು. ಆಗ ಸುಮಿತ್ರಾ ಬಂದು, "ಅಣ್ಣಾ, ಗಾಡಿ ನಿಲ್ಲಲಿ. ಅಕಿ ಮಧ್ಯಾಹ್ನ ಬರ್ತಾಳ. ನೀವ ಕಣ್ಣಾರೆ ನೋಡ್ರಿ. ಆಮ್ಯಾಲ ಎಲ್ಲಿಗಿ ಬೇಕಾದ್ರೂ ಕರಕೊಂಡ ಹೋಗ್ರಿ" ಎಂದಳು. ಅವನು ಒಪ್ಪಿದ. ಆದರೆ ದವಾಖಾನೆಯ ಔಷಧದ ವಾಸನೆಗೆ ಹೆಂಡತಿಯ ನೆನಪು ಬರುತ್ತದೆ ಎಂದು, ಮಧ್ಯಾಹ್ನದವರೆಗೆ ಊರಲ್ಲಿ ಅಡ್ಡಾಡುತ್ತೇನೆಂದು ಹೊರಟ.

ಮಧ್ಯಾಹ್ನ ಹುಡುಗಿಯರಿಗಿಂತ ಮೊದಲೇ ಬಂದ. ಬೆವರು ಒರೆಸಿಕೊಳ್ಳುತ್ತ ತಾನಾಗಿಯೇ ಬೆಂಚಿನ ಮೇಲೆ ಕುಳಿತ. "ಎಲ್ಲೆಲ್ಲಿ ಹೋಗಿದ್ರಿ?" ಎಂದು ಕೇಳಿದೆ. ಬಸ್ ನಿಲ್ದಾಣದಲ್ಲಿ ಕುಳಿತನಂತೆ, ಚೀಲ ಹೊತ್ತ ಮುದುಕಿ ಬಂದಳು, ಎದ್ದು ಜಾಗ ಕೊಟ್ಟ. ಹೋಟೆಲಿನಲ್ಲಿ ಚಹಾ ಕುಡಿದ. ಕುಡಿದಮೇಲೂ ಕುಳಿತಿದ್ದಕ್ಕೆ ಹುಡುಗ ಬಂದು ಮೇಜು ಒರೆಸಿದ. ಇನ್ನೊಂದು ಚಹಾ ತರಿಸಿದ. ಮತ್ತೆ ಮೇಜು ಒರೆಸಿದ. ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತರೆ ಅಂಗಡಿಯವನು, "ಕಾಕಾ, ಗಿರಾಕಿ ಬರ್ತಾರ, ಆ ಕಡೆ ಸರೀರಿ" ಎಂದ. "ನಾ ಗಂಡಸ ಮನಷ್ಯಾರಿ, ಬಿಸಲಾಗ ಕುರಿ ಹಿಂದ ಅಡ್ಡಾಡಾಂವ. ಎಲ್ಲೆರೆ ಗಿಡದ ಬುಡಕ ಕಂಬಳಿ ಹಾಸತೀನಿ. ನನಗ ಹಿಂಗಾದರ..." ಎಂದವನು ಮಾತು ಅಲ್ಲಿಗೇ ಬಿಟ್ಟು ಕಿಟಕಿಯ ಕಡೆ ನೋಡಿದ. ಹುಡುಗಿಯರ ಗುಂಪು ಓಣಿಯ ತಿರುವಿನಲ್ಲಿ ಬರುತ್ತಿತ್ತು.

ಭಾರತಿ ಒಳಗೆ ಬಂದು ಅಪ್ಪನನ್ನು ನೋಡಿದಳು. "ಯಪ್ಪಾ! ನೀ ಇಲ್ಲಿ ಏನ ಮಾಡಾಕತ್ತಿ?" ಎಂದಳು.

"ಸುಮ್ನ ಕುಂತೀನಿ" ಎಂದ ಮಾಯಪ್ಪ.

ಅವಳಿಗೆ ವಿಷಯ ಅರ್ಥವಾಯಿತು. ನಕ್ಕಳು. ಅವನು ಆ ನಗುವನ್ನು ಬಹಳ ಹೊತ್ತು ಪರೀಕ್ಷಿಸಿದ. ಅವಳು ದಿನದಂತೆ ಚೀಲ ಇಳಿಸಿ ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದಳು. ಬುತ್ತಿ ಬಿಚ್ಚಿದಳು. ಅಪ್ಪನಿಗೂ ಅರ್ಧ ರೊಟ್ಟಿ ಕೊಟ್ಟಳು. ಅಶ್ವಿನಿ ತನ್ನ ಡಬ್ಬಿಯ ಶೇಂಗಾ ಚಟ್ನಿ ಅವನ ರೊಟ್ಟಿಗೆ ಸುರಿದು, "ಕಾಕಾ, ನಾಚಬ್ಯಾಡ್ರಿ, ಇಲ್ಲಿ ಯಾರೂ ನಾಚೂದಿಲ್ಲ" ಎಂದಳು. ಉಂಡಮೇಲೆ ಭಾರತಿ ಪುಸ್ತಕ ತೆರೆದಳು. ಬೆಳಗಿನ ಜಾವಕ್ಕೆ ಎದ್ದು ಅಡಿಗೆ ಮಾಡಿಟ್ಟು ಬಸ್ಸು ಹಿಡಿದು ಬಂದವಳು, ಸ್ವಲ್ಪ ಹೊತ್ತಿಗೆ ಗೋಡೆಗೆ ಒರಗಿ ನಿದ್ದೆ ಹೋದಳು. ತಲೆ ಒಂದು ಕಡೆ ವಾಲುತ್ತಿತ್ತು. ಮಾಯಪ್ಪ ಎದ್ದ. ಹೆಗಲ ಕಂಬಳಿಯನ್ನು ಮಡಿಚಿ, ಅವಳಿಗೆ ಎಚ್ಚರವಾಗದಂತೆ ತಲೆ ಮತ್ತು ಗೋಡೆಯ ನಡುವೆ ಇಟ್ಟ. ಆಗತಾನೆ ಹುಟ್ಟಿದ ಕುರಿಮರಿಗಳನ್ನು ಎತ್ತಿ ರೂಢಿಯಾದ ಕೈ ಅದು. ಕೋಣೆಯಲ್ಲಿ ಓದು ನಿಂತಿತು. ಒಳಗೆ ಮಶೀನಿನ ಸದ್ದೂ ನಿಂತಿತು. ನಾನು ಕಣ್ಣು ಒರೆಸಿಕೊಳ್ಳಲು ಕನ್ನಡಕ ಒರೆಸುವ ನೆಪ ಮಾಡಿದೆ. ಕನ್ನಡಕ ಮೇಜಿನ ಮೇಲಿತ್ತು ಎಂದು ಆಮೇಲೆ ಸುಮಿತ್ರಾ ಹೇಳಿದಳು.

"ಡಾಕ್ಟರ," ಎಂದ ಮಾಯಪ್ಪ ಪಿಸುಮಾತಿನಲ್ಲಿ, "ಮನ್ಯಾಗೂ ಹಿಂಗ ನಿದ್ದಿ ಮಾಡೂದಿಲ್ರಿ ಇಕಿ. ನಾ ಎಚ್ಚರಾದಾಗ ಎದ್ದಿರತಾಳ, ನಾ ಮಲಗಿದಾಗ ಓದಕೋತ ಕುಂತಿರತಾಳ. ಜಡ್ಡ ಇದ್ದವರ ನಿದ್ದಿ ನಾ ನೋಡೀನ್ರಿ. ಇದ ಅಲ್ಲ." ಆಮೇಲೆ ಹೊರಗೆ ಹೋಗಿ ಗಾಡಿಯವನಿಗೆ ಏನೋ ಹೇಳಿ ಕಳಿಸಿಬಿಟ್ಟ. ಸಂಜೆ ಅಪ್ಪ ಮಗಳು ಇಬ್ಬರೂ ಬಸ್ಸಿಗೇ ಹೋದರು. ಹೋಗುವಾಗ ಅವನು, "ನಾಳೆಯಿಂದ ನೀರ ಛಲೋತಂಗ ಕುಡಿ" ಎಂದು ಮಗಳಿಗೆ ಹೇಳುತ್ತಿದ್ದದ್ದು ಕೇಳಿಸಿತು. ಸುಮಿತ್ರಾ ಅದನ್ನೂ ಹೇಳಿಬಿಟ್ಟಿದ್ದಳು. ಸೋಮವಾರ ಭಾರತಿ ಪರೀಕ್ಷೆಗೆ ಕುಳಿತಳು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನೊಬ್ಬ ಸಾಮಾನ್ಯ ಮನುಷ್ಯನಾಗಿ ಉಳಿಯುತ್ತಿದ್ದೆ. ಮಾಯಪ್ಪ ಊರಿಗೆ ಹೋಗಿ ಚಹಾದ ಅಂಗಡಿಯಲ್ಲಿ ಎಲ್ಲರೆದುರು, "ಡಾಕ್ಟರ ಕಡೆ ಹೋಗಿ ಬಂದ್ನಿ. ಭಾರತಿಗಿ ಏನೂ ಜಡ್ಡ ಇಲ್ಲ ಅಂದ್ರು" ಎಂದು ಸಾರಿದನಂತೆ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಊರವರು ಲೆಕ್ಕ ಹಾಕಿದ್ದು ಬೇರೆ. ಮೊನ್ನೆಯವರೆಗೆ ದೊಡ್ಡ ರೋಗವಿತ್ತು, ಇಂದು ಇಲ್ಲ. ಮಿರಜಿಗೆ ಹೊರಟಿದ್ದ ಗಾಡಿ ಚಿಕ್ಕೋಡಿಯಿಂದಲೇ ವಾಪಸು ಬಂದಿದೆ. ಅಂದಮೇಲೆ ಆ ಡಾಕ್ಟರನ ಗುಳಿಗೆಯಲ್ಲಿ ಏನೋ ಇದೆ! ಮುಂದಿನ ವಾರ ಅಲಖನೂರಿನಿಂದ ಮೊಣಕಾಲು ನೋವಿನ ಇಬ್ಬರು ಬಂದರು. ಆಮೇಲೆ ದಮ್ಮಿನವರು, ಮೈ ತುರಿಕೆಯವರು. ಸುದ್ದಿ ಅಲ್ಲಿಂದ ರಾಯಬಾಗಕ್ಕೆ ಹೋಯಿತು. ರಾಯಬಾಗದ ಬಸ್ಸು ಬಂದಾಗಲೆಲ್ಲ ನಮ್ಮ ಓಣಿಗೆ ನಾಲ್ಕಾರು ಜನ ಕುಂಟುತ್ತಲೋ ಕೆಮ್ಮುತ್ತಲೋ ಬರತೊಡಗಿದರು.

ಆಗ ಎದುರಾಯಿತು ನೋಡಿ ನಿಜವಾದ ಪೇಚು. ಆ ಉದ್ದದ ಬೆಂಚು ಯಾರಿಗಾಗಿ ಮಾಡಿಸಿದ್ದೆನೋ ಅವರು ಬಂದರು, ಆದರೆ ಕೂಡಲು ಜಾಗವಿಲ್ಲ. ಹುಡುಗಿಯರು ಸಂಕೋಚದಿಂದ ಎದ್ದು ನಿಂತರು. ಅಶ್ವಿನಿ ಪುಸ್ತಕ ಚೀಲಕ್ಕೆ ತುಂಬುತ್ತ, "ಸರ್, ನಿಮಗ ಪೇಷಂಟ್ ಬರಾಕತ್ಯಾರ. ನಾವು ಬಸ್‌ಸ್ಟ್ಯಾಂಡಿಗೆ ಹೋಗತೀವ್ರಿ" ಎಂದಳು. ಅವಳ ಮಾತಿನಲ್ಲಿ ಬೇಸರ ಇರಲಿಲ್ಲ, ಇಲ್ಲಿಂದ ಏಳಿ ಎಂಬ ಮಾತು ಕೇಳಿ ಕೇಳಿ ರೂಢಿಯಾದವರ ಸಲೀಸಿತ್ತು. ಅದೇ ನನಗೆ ತಡೆಯದಾಯಿತು. "ಕೂತ್ಕೋ!" ಎಂದು ಗದರಿಬಿಟ್ಟೆ. ನನ್ನ ದನಿಗೆ ನಾನೇ ಬೆಚ್ಚಿದೆ. ನಿಂತಿದ್ದ ರೋಗಿಗಳು ಕೂಡ ಥಟ್ಟನೆ ನೆಲದ ಮೇಲೆ ಕುಳಿತರು. ಆ ದಿನವೇ ಸುಮಿತ್ರಾ ತನ್ನ ಮಶೀನನ್ನು ಅಡಿಗೆಮನೆಗೆ ಸರಿಸಿ, ನಡುಮನೆಯಲ್ಲಿ ರೋಗಿಗಳಿಗೆ ಜಮಖಾನೆ ಹಾಸಿದಳು. ಮುಂದಿನ ಕೋಣೆ ಹುಡುಗಿಯರದೇ ಎಂದು ತೀರ್ಮಾನವಾಯಿತು. ಕೆಲವು ದಿನಗಳಲ್ಲಿ ಎದುರಿನ ಮನೆಯವರು, ತಮ್ಮ ಪಡಸಾಲೆಯೂ ಮಧ್ಯಾಹ್ನ ಖಾಲಿ ಇರುತ್ತದೆ, ಗಂಡುಹುಡುಗರು ಬೇಕಾದರೆ ಬಂದು ಓದಿಕೊಳ್ಳಲಿ ಎಂದರು. ಅವರಿಗೂ ಏನೋ ಒಳ್ಳೆಯದಾದೀತೆಂಬ ಆಸೆ ಇದ್ದಿರಬಹುದು. ಆಸೆಯಿಂದ ತೆರೆದರೂ ಬಾಗಿಲು ಬಾಗಿಲೇ.

ಕಬ್ಬಿನ ಹೊಲದವರೂ ಒಂದು ದಿನ ನನ್ನಲ್ಲಿಗೇ ಬಂದರು. "ಹುಡುಗಿ ಪೂರಾ ಗುಣಾ ಆಗ್ಯಾಳೇನ್ರಿ?" ಎಂದು ಗುಟ್ಟಾಗಿ ಕೇಳಿದರು. ಅವಳಿಗೆ ರೋಗವೇ ಇರಲಿಲ್ಲ ಎಂದು ನಾನು ಆಣೆ ಮಾಡುವುದೊಂದು ಬಾಕಿ. ಅವರು ಒಬ್ಬರ ಮುಖ ಒಬ್ಬರು ನೋಡಿ, "ದೊಡ್ಡ ಡಾಕ್ಟರ. ಪೇಷಂಟಿನ ಗುಟ್ಟ ಬಿಡೂದಿಲ್ಲ" ಎಂದು ಕೈಮುಗಿದು ಹೋದರು. ಭಾರತಿಗೆ ಹೇಳಿದಾಗ ಅವಳು, "ನಾ ಇನ್ನೂ ಏನೂ ನಿಶ್ಚೆ ಮಾಡಿಲ್ರಿ ಸರ್. ರಿಸಲ್ಟ್ ಬರಲಿ. ಅಲ್ಲೀತನಕ ಅವರೂ ಒಂದೀಟ ಕಾಯಲಿ" ಎಂದಳು.

ಮೊನ್ನೆ ಅಲಖನೂರಿನ ಒಬ್ಬ ಹಿರಿಯರು ಹೆಂಡತಿಯೊಂದಿಗೆ ಬಂದಿದ್ದರು. "ಭಾರತಿಗಿ ಕೊಟ್ರಲ್ಲ, ಅದ ಔಷಧ ನನಗೂ ಕೊಡ್ರಿ" ಎಂದರು. ಪರೀಕ್ಷೆಯ ಅಂಜಿಕೆಗೆ ಕೊಟ್ಟ ಸಿಹಿ ಗುಳಿಗೆ ಬಿಟ್ಟರೆ ನಾನು ಅವಳಿಗೆ ಯಾವ ಔಷಧವನ್ನೂ ಕೊಟ್ಟಿಲ್ಲ ಎಂದೆ. ಅವರು ಹೆಂಡತಿಯ ಕಡೆ ತಿರುಗಿ, "ಕೇಳಿದೇನ? ತಿಳದವರು ನಾ ಮಾಡೀನಿ ಅಂತ ಎಂದೂ ಹೇಳಕೊಳ್ಳೂದಿಲ್ಲ" ಎಂದರು. ಇನ್ನೊಮ್ಮೆ ತಿದ್ದಬೇಕೆಂದು ನಾನು ಬಾಯಿ ತೆರೆದೆ. ಆದರೆ ಆ ಹೆಂಗಸು ನನ್ನನ್ನು ಎಂಥ ಭಕ್ತಿಯಿಂದ ನೋಡುತ್ತಿದ್ದಳೆಂದರೆ, ಇಷ್ಟು ವರ್ಷದಲ್ಲಿ ಹಾಗೆ ಯಾರೂ, ಸುಮಿತ್ರಾಳಂತೂ ಖಂಡಿತ, ನನ್ನನ್ನು ನೋಡಿರಲಿಲ್ಲ. ನಾನು ತೆರೆದ ಬಾಯಿ ಮುಚ್ಚಿ, ಕಣ್ಣೂ ಅರ್ಧ ಮುಚ್ಚಿ, ಹಿರಿಯರ ಕೈ ಹಿಡಿದು, ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹೊತ್ತು ನಾಡಿ ನೋಡಿದೆ. ನಡುವೆ ಒಮ್ಮೆ "ಹೂಂ" ಎಂದೆ. ಪರದೆಯ ಸಂದಿಯಲ್ಲಿ ಮುಂದಿನ ಕೋಣೆ ಕಾಣುತ್ತಿತ್ತು. ಭಾರತಿ ಮೊಘಲರ ಇತಿಹಾಸವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದಳು. ಪುಸ್ತಕ ಅಲ್ಲಾಡುತ್ತಿತ್ತು.